ಹೆಸರು ಕೂಗದ ಬುಟ್ಟಿ

ಮರೆವ್ವ ಪಾಪಯ್ಯನನ್ನು ಮೊದಲು ನೋಡಿದ್ದು ತೊಂಬತ್ತೊಂದನೇ ಇಸವಿಯ ಕಾರ್ತಿಕದ ಒಂದು ಸೋಮವಾರ, ಬೆಳಿಗ್ಗೆ ಏಳು ಗಂಟೆಗೆ. ಅವಳ ತಲೆಯ ಮೇಲೆ ಸಗಣಿ ಬುಟ್ಟಿ ಇತ್ತು. ಅವನು ಹೊಸ ತೊಟ್ಟಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಯಾರ ಮುಖವನ್ನೂ ನೋಡದೆ, ಬರುವ ಹೆಜ್ಜೆಗಳನ್ನು ಕೇಳಿಸಿಕೊಳ್ಳುತ್ತಿದ್ದ.

ಜಿಗಣಿಯಿಂದ ಮೂರು ಮೈಲಿ ಒಳಗಿರುವ ಕೆಂಚನಪಾಳ್ಯದಲ್ಲಿ ಆಗ ನಲವತ್ತೆರಡು ಮನೆ. ಗೋಬರ್ ಗ್ಯಾಸಿನ ಪ್ಲಾಂಟನ್ನು ಯಾವುದೋ ಸಂಸ್ಥೆಯವರು ಬಂದು ಕಟ್ಟಿಸಿಕೊಟ್ಟಿದ್ದರು. ಆದರೆ ಜಾಗ ಊರದು, ಗುಂಡಿ ತೋಡಿದವರು ಊರವರು, ಸಗಣಿ ಊರ ದನಗಳದು. ಹಾಗಾಗಿ ಪ್ಲಾಂಟೂ ಊರದೇ ಎಂದು ಬರೆದುಕೊಟ್ಟು ಅವರು ಹೋದರು. ಬಾವಿಯಂಥ ಗುಂಡಿ, ಅದರ ಮೇಲೆ ಬೋರಲು ಹಾಕಿದ ದೊಡ್ಡ ಕಬ್ಬಿಣದ ಡ್ರಮ್ಮು. ಸಗಣಿಗೆ ಸಮಸಮ ನೀರು ಕಲಸಿ ತೊಟ್ಟಿಯಿಂದ ಒಳಗೆ ಬಿಟ್ಟರೆ ನಲವತ್ತು ದಿನಕ್ಕೆ ಗ್ಯಾಸಾಗುತ್ತದೆ. ಗ್ಯಾಸು ತುಂಬಿದಷ್ಟೂ ಡ್ರಮ್ಮು ಮೇಲೇಳುತ್ತದೆ. ಆ ಗ್ಯಾಸಿನಿಂದ ಇಂಜಿನ್ನು ಓಡಿ, ಬೋರ್‌ವೆಲ್ಲಿನ ನೀರು ಟ್ಯಾಂಕಿಗೆ ಏರುತ್ತದೆ. ಮುಸ್ಸಂಜೆಗೆ ಮನೆಗೊಂದು ಬಲ್ಬು ಎರಡು ಗಂಟೆ ಉರಿಯುತ್ತದೆ. ಇದನ್ನೆಲ್ಲ ನೋಡಿಕೊಳ್ಳಲು ಸಂಸ್ಥೆಯವರು ಬಿಟ್ಟುಹೋದ ಆಳೇ ಪಾಪಯ್ಯ. ಮೊದಲು ಚಿಕ್ಕಬಾಣಾವರದ ಸ್ಟೇಷನ್ನಿನಲ್ಲಿ ಕಲ್ಲಿದ್ದಲು ಹೊತ್ತು ರೈಲಿನ ಒಲೆಗೆ ಹಾಕುತ್ತಿದ್ದನಂತೆ. ಬೆಂಕಿಯ ಎದುರು ಇಪ್ಪತ್ತು ವರ್ಷ ನಿಂತು ಕಣ್ಣು ಮಂಜಾಗಿತ್ತು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಇಂಜಿನ್ ಕೋಣೆಯ ಮೂಲೆಯಲ್ಲಿ ಒಂದು ಚಾಪೆ, ಒಂದು ಟ್ರಂಕು, ಅಷ್ಟೇ ಅವನ ಮನೆ.

"ಯಾರ ಮನೇದವ್ವ?" ಎಂದ.

"ಮೂಲೆಮನೇದು" ಎಂದಳು ಮರೆವ್ವ.

"ಮೂಲೆಮನೆ ಅಂದ್ರೆ ನಂಗೇನ್ ಗೊತ್ತಾಯ್ತದೆ? ಯಜಮಾನನ ಎಸ್ರು ಯೋಳು."

ಮರೆವ್ವ ಸೆರಗಿನ ತುದಿ ಹಲ್ಲಿಗೆ ಕಚ್ಚಿಕೊಂಡು ನಿಂತಳು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅವಳು ಗಂಡನ ಹೆಸರನ್ನು ಒಂದು ಸಲವೂ ಬಾಯಲ್ಲಿ ಆಡಿದವಳಲ್ಲ. ರೇಷನ್ ಕಾರ್ಡು ಬರೆಸುವಾಗಲೂ ಪಕ್ಕದವರಿಂದ ಹೇಳಿಸಿದ್ದಳು. ಗಂಡನ ಹೆಸರು ಕರೆದರೆ ಅವನ ಆಯುಸ್ಸು ಕಮ್ಮಿಯಾಗುತ್ತದೆ ಎಂದು ಅತ್ತೆ ಹೇಳಿಕೊಟ್ಟಿದ್ದನ್ನು ಅವಳು ಉಪ್ಪಿನ ಅಳತೆಯಷ್ಟೇ ಖಚಿತವಾಗಿ ನಂಬಿದ್ದಳು.

ಹಿಂದೆ ನಿಂತಿದ್ದ ಪಕ್ಕದ ಮನೆ ಭದ್ರಮ್ಮ ನಗಾಡಿದಳು. "ಗಂಡನ ಎಸ್ರು ಎಂಗಯ್ಯ ಯೋಳ್ತಾಳೆ? ಈರಪ್ಪ ಅಂತ. ಈರಪ್ಪ ಈರಪ್ಪ ಅನ್ಕೋ. ಇನ್ನೊಂದ್ಸಲ ಕೇಳ್ಬೇಡ, ಇವ್ಳು ಸೆರಗು ನುಂಗ್ಬಿಡ್ತಾಳೆ."

ಪಾಪಯ್ಯ ನಗಲಿಲ್ಲ. ತಲೆಯೆತ್ತಿ, ಸ್ಟೇಷನ್ನಿನಲ್ಲಿ ರೈಲಿನ ಹೆಸರು ಕೂಗುವ ಹಾಗೆ ರಾಗವಾಗಿ ಕೂಗಿದ: "ಈರಪ್ಪನ ಮನೇದೂ..." ಆಮೇಲೆ ಬುಟ್ಟಿ ಸುರಿಸಿಕೊಂಡು, ಬರಿಗೈಯನ್ನು ಅದರೊಳಗಿಟ್ಟು, ಬೆರಳುಗಳ ನಡುವೆ ಉಜ್ಜಿದ.

"ಮನೇಲಿ ರೇಸ್ಮೆ ಉಳ ಸಾಕ್ತೀರಾ?"

"ಊಂ."

"ಇದು ಇಪ್ನೇರಳೆ ಕಡ್ಡಿ ನಾರು. ಉಳ ತಿಂದು ಬಿಟ್ಟಿದ್ನ ಎತ್ತು ತಿಂದೈತೆ. ಉದ್ದುದ್ದಕ್ಕೇ ನುಂಗೈತೆ. ಬಲಗಡೆ ದವಡೇಲಿ ಅಲ್ಲಿಲ್ಲ ಅದ್ಕೆ."

ಎತ್ತಿನ ಬಲಗಡೆಯ ದವಡೆ ಹಲ್ಲು ಬಿದ್ದದ್ದು ಹಿಂದಿನ ಬೇಸಿಗೆಯಲ್ಲಿ. ಆ ಎತ್ತನ್ನು ಅವನು ಕಂಡೇ ಇರಲಿಲ್ಲ.

ಅಂದೇ ಅವನು ಊರಿಗೆಲ್ಲ ಒಂದು ಕಟ್ಟಳೆ ಹೇಳಿದ. ಯಾವ ಬುಟ್ಟಿಯನ್ನೂ ಹೆಸರು ಕೂಗದೆ ಸುರಿಯಬಾರದು. ಸ್ಟೇಷನ್ನಿನಲ್ಲಿ ಸೀಮೆಸುಣ್ಣದ ಗುರುತು ಅಳಿಸಿಹೋದ ವ್ಯಾಗನ್ ಬಂದರೆ, ಅದನ್ನು ನಮ್ಮದು ನಮ್ಮದು ಎಂದು ಎಲ್ಲೆಲ್ಲಿಂದಲೋ ಜನ ಬಂದು ನಿಲ್ಲುತ್ತಿದ್ದರಂತೆ.

"ಎಸ್ರಿಲ್ದೆ ಸುರಿದ್ರೆ ಯಾರ್ ಬೇಕಾದ್ರೂ ಬಂದು ಸೇರ್ಕೊತಾರೆ. ಆಮೇಲೆ ಓಗಿ ಅಂದ್ರೆ ಓಗಲ್ಲ" ಎಂದ.

ಜನ ನಕ್ಕರು. ಆದರೂ ಕಟ್ಟಳೆ ನಿಂತಿತು. ದಿನಾ ಬೆಳಿಗ್ಗೆ ನಲವತ್ತೆರಡು ಹೆಸರು, ಅದೇ ರಾಗದಲ್ಲಿ. ಕೂಗಿ, ಕಲಸಿ, ಒಳಗೆ ಬಿಟ್ಟು, ಆಮೇಲೆ ಡ್ರಮ್ಮಿಗೆ ಕಿವಿಯಿಟ್ಟು ಎಷ್ಟೋ ಹೊತ್ತು ನಿಲ್ಲುತ್ತಿದ್ದ.

"ಏನಯ್ಯ, ಮಗು ಒದೀತಾ ಐತಾ?" ಎನ್ನುವಳು ಭದ್ರಮ್ಮ.

"ಒದೀತೈತೆ. ನಿನ್ನಂಗೇ ಬಾಯಿ ಜೋರು. ಎಣ್ಣೇ ಇರ್ಬೇಕು."

ತೊಂಬತ್ತಮೂರರ ಆಷಾಢದಲ್ಲಿ ಎತ್ತು ಸತ್ತಿತು. ಹಿಪ್ಪುನೇರಳೆ ತೋಟದ ಬದುವಿನಲ್ಲಿ ಅದನ್ನು ಹೂತರು. ಮೂರು ತಿಂಗಳಿಗೆ ಈರಪ್ಪನೂ ಜ್ವರದಲ್ಲಿ ಹೋದ. ಹನ್ನೊಂದು ದಿನ ಕಳೆದು, ಹನ್ನೆರಡನೇ ದಿನ ಮರೆವ್ವ ಒಂಟಿ ಹಸುವಿನ ಸಗಣಿ ಹೊತ್ತು ತೊಟ್ಟಿಯ ಹತ್ತಿರ ಬಂದಳು. ಇನ್ನು ಯಾರ ಹೆಸರು ಕೂಗುತ್ತಾನೋ, ಮಗಳ ಹೆಸರೋ, ತನ್ನದೋ ಎಂದುಕೊಂಡಳು. ಪಾಪಯ್ಯ ಒಂದಿಷ್ಟೂ ತಡೆಯದೆ ಕೂಗಿದ: "ಈರಪ್ಪನ ಮನೇದೂ..."

ಅವಳ ಮನೆಯಲ್ಲಿ ಆ ಹೆಸರು ಹೇಳುವವರು ಯಾರೂ ಉಳಿದಿರಲಿಲ್ಲ. ಮಗಳು ಬೊಮ್ಮನಹಳ್ಳಿಯಲ್ಲಿ ಗಾರ್ಮೆಂಟ್ಸಿಗೆ ಹೋಗುತ್ತಾ ಗಂಡನ ಜೊತೆ ಒಂದೇ ಕೋಣೆಯಲ್ಲಿದ್ದಳು. ಈ ತೊಟ್ಟಿಯ ಕಟ್ಟೆಯ ಬಳಿ ಮಾತ್ರ ದಿನಕ್ಕೊಂದು ಸಲ ಆ ಹೆಸರು ಗಾಳಿಯಲ್ಲಿ ನಿಲ್ಲುತ್ತಿತ್ತು. ಬುಟ್ಟಿ ಖಾಲಿಯಾದ ಮೇಲೂ ಮರೆವ್ವ ಅದು ಪೂರಾ ಕೇಳಿಸುವ ತನಕ ನಿಂತಿದ್ದು ಹೋಗುತ್ತಿದ್ದಳು.

ಆಮೇಲೆ ಭೂಮಿ ಮಾರುವ ಕಾಲ ಬಂತು. ಇಂಡಸ್ಟ್ರಿಯಲ್ ಏರಿಯಾ ಜಿಗಣಿಯಿಂದ ಕೆಂಚನಪಾಳ್ಯದ ಬೇಲಿಗೇ ಬಂದು ಮುಟ್ಟಿತು. ತೊಂಬತ್ತನಾಲ್ಕರಲ್ಲಿ ಹಿಪ್ಪುನೇರಳೆ ಗಿಡಗಳನ್ನೆಲ್ಲ ಕಿತ್ತು ಹಾಕಿದರು. ಎತ್ತು ಹೂತ ಬದುವಿನ ಮೇಲೆ ಕಾರ್ಖಾನೆಯ ಕಾಂಪೌಂಡು ಎದ್ದಿತು. ಮೇವಿಲ್ಲದೆ ದನ ಮಾರಿದರು. ದನ ಮಾರಿದವರು ಮನೆಗೆ ಬೀಗ ಹಾಕಿ ರಸ್ತೆಬದಿಯ ತಾರಸಿ ಮನೆಗಳಿಗೆ ಹೋದರು. ತೊಂಬತ್ತಾರು ಮುಗಿಯುವ ಹೊತ್ತಿಗೆ ಉಳಿದದ್ದು ಆರು ಮನೆ, ಒಂಬತ್ತು ರಾಸು.

ಆದರೆ ಮುಸ್ಸಂಜೆಗೆ ಬೀಗ ಹಾಕಿದ ಮನೆಗಳ ಒಳಗೂ ಬಲ್ಬು ಹತ್ತಿಕೊಳ್ಳುತ್ತಿತ್ತು. ಬಾಗಿಲ ಸಂದಿಯಿಂದ ಬೆಳಕು ಬೀದಿಗೆ ಗೆರೆ ಎಳೆದಂತೆ ಬೀಳುತ್ತಿತ್ತು. ಬೀದಿಯಲ್ಲಿ ಮೂವತ್ತಾರು ಗೆರೆ, ಒಳಗೆ ಉಸಿರಾಡುವವರು ಒಬ್ಬರೂ ಇಲ್ಲ. ಮರೆವ್ವ ಆ ಗೆರೆಗಳನ್ನು ತುಳಿಯದೆ ದಾಟಿ ಬರುತ್ತಿದ್ದಳು.

"ಪಾಪಯ್ಯಣ್ಣ, ಬಿಟ್ಟೋದೋರ ಮನೆ ವೈರ್ ಯಾಕ್ ಬಿಚ್ಚಿಲ್ಲ?" ಎಂದು ಒಂದು ದಿನ ಕೇಳಿದಳು.

"ಅವ್ರು ಆಕಿದ್ದು ಇನ್ನೂ ತಳದಲ್ಲೈತೆ ಮರೆವ್ವ. ಅವ್ರ ಪಾಲು ಅವ್ರಿಗೆ ಉರೀತೈತೆ. ನಾನ್ಯಾರು ಬಿಚ್ಚಕ್ಕೆ?"

ಬೆಳಿಗ್ಗೆ ಅವನು ಕೂಗುತ್ತಿದ್ದದ್ದೂ ನಲವತ್ತೆರಡು ಹೆಸರನ್ನೇ.

ತೊಂಬತ್ತೇಳರ ಸಂಕ್ರಾಂತಿಯ ಮಾರನೇ ದಿನ ಆಂಜಿನಪ್ಪ ಕಟ್ಟೆಯ ಮೇಲೆ ಸಭೆ ಕರೆದ. ಊರ ಪ್ಲಾಂಟಿನ ಕಮಿಟಿಗೆ ಅವನೇ ಹಿರಿಯ. ತಾನೂ ಭೂಮಿ ಮಾರಿ, ಬಾಡಿಗೆಗೆ ಕೋಣೆಗಳನ್ನು ಕಟ್ಟಿಸಿದ್ದ. ಪ್ಲಾಂಟಿನ ಜಾಗವನ್ನು ಲಾರಿ ದಾರಿಗೆ ಕೇಳುತ್ತಿದ್ದಾರೆ, ಡ್ರಮ್ಮು ಗುಜರಿಗೆ ಹೋಗುತ್ತದೆ ಎಂದ. ಭದ್ರಮ್ಮ ಕೂಗಾಡಿದಳು. ಕೊನೆಗೆ ಒಂದು ಮಾತಿಗೆ ಬಂದರು. ಡ್ರಮ್ಮಿನ ಮೇಲೆ ಬಿಳಿ ಬಣ್ಣದ ಒಂದು ಗೆರೆ ಇತ್ತು. ಡ್ರಮ್ಮು ಆ ಗೆರೆಯ ತನಕ ಎದ್ದರೆ ಇಂಜಿನ್ನು ಒಂದು ಗಂಟೆ ಓಡಿ ಟ್ಯಾಂಕು ತುಂಬುತ್ತದೆ. ಯುಗಾದಿಯ ಹಿಂದಿನ ದಿನ ಗೆರೆ ಕಂಡರೆ ಪ್ಲಾಂಟು ಉಳಿಯುತ್ತದೆ, ಕಾಣದಿದ್ದರೆ ಮಾರುವುದು. ಸಭೆಯ ದಿನ ಗೆರೆ ಬಗ್ಗಡದೊಳಗೆ ಒಂದು ಗೇಣು ಮುಳುಗಿತ್ತು.

ಮರೆವ್ವನಿಗೆ ಇದು ಸಣ್ಣ ಮಾತಲ್ಲ. ಊರ ಹಳೇ ಬಾವಿಯ ನೀರು ಎರಡು ವರ್ಷದಿಂದ ಹಳದಿಗೆ ತಿರುಗಿತ್ತು, ಬಾಯಿಗಿಟ್ಟರೆ ನಾಲಿಗೆ ಒಗರು. ಕುಡಿಯಲು ಟ್ಯಾಂಕಿನ ನೀರೇ ಗತಿ. ಇಂಜಿನ್ನು ನಿಂತರೆ ಅವಳು ಮನೆ ಬಿಟ್ಟು ಬೊಮ್ಮನಹಳ್ಳಿಯ ಆ ಒಂದು ಕೋಣೆಗೆ ಹೋಗಬೇಕು. ಅಲ್ಲಿಗೆ ಹೋದರೆ ಬೆಳಿಗ್ಗೆ ಆ ಹೆಸರು ಕೇಳುವುದಿಲ್ಲ.

ಅವಳು ಮೂರು ದಿನ ಯೋಚಿಸಿ, ನಾಲ್ಕನೇ ದಿನ ನಸುಕಿನಲ್ಲಿ ಬುಟ್ಟಿ ಹಿಡಿದು ಕಾರ್ಖಾನೆಯ ಗೋಡೆಯ ಹಿಂದಕ್ಕೆ ಹೋದಳು. ಅಲ್ಲಿ ಕಸ ಸುರಿಯುವ ತಗ್ಗಿನಲ್ಲಿ ಏಳೆಂಟು ಬಿಡಾಡಿ ದನ ಮಲಗುತ್ತಿದ್ದವು. ಮಂಜಿನಲ್ಲಿ ಬೆನ್ನುಗಳು ಮಾತ್ರ ಕಾಣುತ್ತಿದ್ದವು. ಗೋಡೆಯೊಳಗಿನ ಮಿಷನ್ನುಗಳ ಗುಂಯ್ ಎನ್ನುವ ಸದ್ದಿಗೆ ನೆಲ ಅಂಗಾಲಿನಲ್ಲಿ ನಡುಗುತ್ತಿತ್ತು. ಎರಡು ಸಲಕ್ಕೆ ಎರಡು ಬುಟ್ಟಿ ಹೊತ್ತು ತಂದು, ಕಾರ್ಖಾನೆಯ ಆರು ಗಂಟೆಯ ಸೈರನ್ನು ಕೂಗುವ ಹೊತ್ತಿಗೆ ತೊಟ್ಟಿಗೆ ಸುರಿದಳು. ಪಾಪಯ್ಯ ಆ ಹೊತ್ತಿನಲ್ಲಿ ಬಾವಿಯ ಕಡೆ ಮುಖ ತೊಳೆಯಲು ಹೋಗಿರುತ್ತಿದ್ದ.

ಯಾರ ಹೆಸರು ಕೂಗುವುದು? ತನ್ನ ಮನೆಯದಲ್ಲ, ಬೇರೆಯವರ ಹೆಸರು ಹೇಳಿದರೆ ಸುಳ್ಳಾಗುತ್ತದೆ. ಮರೆವ್ವ ಬಾಯಿ ಮುಚ್ಚಿಕೊಂಡು ಸುರಿದು ಬಂದಳು. ಹೀಗೆ ಮೂರು ದಿನ.

ನಾಲ್ಕನೇ ದಿನ ಏಳು ಗಂಟೆಗೆ ಅವಳು ತನ್ನ ಹಸುವಿನ ಬುಟ್ಟಿಯ ಜೊತೆ ಹೋದಾಗ ಪಾಪಯ್ಯ ತೊಟ್ಟಿಯ ಒಳಗೋಡೆಯನ್ನು ಬೆರಳಿನಿಂದ ಅಳೆಯುತ್ತಿದ್ದ.

"ಯಾರೋ ಎಸ್ರು ಕೂಗ್ದೆ ಸುರಿದವ್ರೆ. ಮೂರು ಬುಟ್ಟಿ" ಎಂದ.

ಎರಡು ಎನ್ನಲು ಅವಳ ಬಾಯಿ ತೆರೆದಿತ್ತು. ಮುಚ್ಚಿಕೊಂಡಳು.

ಮಾರನೇ ದಿನ ಅವಳೇ ಅಳೆದಳು. ಒಂದು ಬುಟ್ಟಿಗೆ ತೊಟ್ಟಿಯಲ್ಲಿ ಎರಡು ಬೆರಳು ಏರುತ್ತದೆ. ಎರಡು ಬುಟ್ಟಿಗೆ ನಾಲ್ಕು ಬೆರಳು ಏರಿದ್ದನ್ನು ನೋಡಿ, ಅಲ್ಲಿಗೆ ಇದ್ದಿಲಿನಿಂದ ಗೀಟು ಎಳೆದು ಹೋದಳು. ಏಳಕ್ಕೆ ಬಂದಾಗ ಗೀಟು ಕಾಣಲಿಲ್ಲ. ಆರು ಬೆರಳಿತ್ತು. ಮೇಲಿನ ಪದರಕ್ಕೆ ಕೈಯಿಟ್ಟು ಬೆರಳುಗಳ ನಡುವೆ ಉಜ್ಜಿದಳು. ಉದ್ದುದ್ದ ನಾರು. ಅಗಿಯದೆ ನುಂಗಿದ ಹಿಪ್ಪುನೇರಳೆಯ ನಾರು. ಮೂರು ವರ್ಷದಿಂದ ಸುತ್ತ ಎರಡು ಮೈಲಿಯಲ್ಲಿ ಒಂದು ಹಿಪ್ಪುನೇರಳೆ ಕಡ್ಡಿ ಇರಲಿಲ್ಲ.

ಆರನೇ ದಿನ ಅವಳು ಸುರಿದು ಮನೆಗೆ ಹೋಗದೆ, ಇಂಜಿನ್ ಕೋಣೆಯ ಗೋಡೆಗೆ ಒರಗಿ ಕೂತಳು. ಬೆಳಕು ಹರಿಯುತ್ತಿತ್ತು, ಎರಡು ಹೆಜ್ಜೆ ತಗ್ಗಿನಲ್ಲಿದ್ದ ತೊಟ್ಟಿಯೊಳಗಿನ ಗೀಟು ಕಾಣುತ್ತಿತ್ತು. ನಾಯಿಯೂ ಆ ಕಡೆ ಬರಲಿಲ್ಲ. ಎಷ್ಟೋ ಹೊತ್ತಾದ ಮೇಲೆ ತೊಟ್ಟಿಯೊಳಗಿನ ಬಗ್ಗಡ ಸದ್ದಿಲ್ಲದೆ ಏರತೊಡಗಿತು. ಗೀಟು ಮುಳುಗಿತು. ಒಂದು ಬೆರಳು. ಇನ್ನೊಂದು ಬೆರಳು. ಅಲ್ಲಿಗೆ ನಿಂತಿತು. ಅವಳು ಎದ್ದು ಹತ್ತಿರ ಹೋಗಿ ನೋಡಿದರೆ, ತೊಟ್ಟಿಯ ಕಟ್ಟೆಯ ಮೇಲೆ, ತಾನು ಬುಟ್ಟಿ ಇಡದ ಕಡೆ, ಬುಟ್ಟಿಯ ತಳದಷ್ಟು ಅಗಲದ ಒದ್ದೆ ಗುರುತು ದುಂಡಗೆ ಬಿದ್ದಿತ್ತು. ಮುಟ್ಟಿದಳು. ಹಸಿ ಸಗಣಿಯ ಬಿಸಿ ಇನ್ನೂ ಆರಿರಲಿಲ್ಲ.

ಮರೆವ್ವ ಕಿರುಚಲಿಲ್ಲ. ಮನೆಗೆ ಹೋಗಿ, ಒಲೆ ಹಚ್ಚಿ, ಮುದ್ದೆಗೆ ಎಸರಿಟ್ಟಳು. ನಿಲ್ಲಿಸಿಬಿಡೋಣ ಎಂದೂ ಅನ್ನಿಸಿತು. ಆದರೆ ಗೆರೆ ಇನ್ನೂ ಒಂದು ಗೇಣು ಕೆಳಗೇ ಇತ್ತು. ಮಾರನೇ ದಿನವೂ ಹೋದಳು. ಅದರ ಮಾರನೇ ದಿನವೂ. ಹೋಗುವಾಗ ಬರುವಾಗ ಹಿಂದಕ್ಕೆ ತಿರುಗಿ ನೋಡುವುದನ್ನು ಮಾತ್ರ ಬಿಟ್ಟಳು.

ಯುಗಾದಿಯ ಹಿಂದಿನ ದಿನ ಜನ ಸೇರಿದರು. ರಸ್ತೆಬದಿಗೆ ಹೋಗಿದ್ದವರೂ ಸ್ಕೂಟರಿನಲ್ಲಿ ಬಂದರು. ಬಿಳಿ ಗೆರೆ ಬಗ್ಗಡದಿಂದ ನಾಲ್ಕು ಬೆರಳು ಮೇಲೆ ನಿಂತಿತ್ತು.

ಆಂಜಿನಪ್ಪ ಡ್ರಮ್ಮಿನ ಸುತ್ತ ಎರಡು ಸಲ ಸುತ್ತಿದ. "ಒಂಬತ್ತು ರಾಸಿಗೆ ಇಷ್ಟು ಏಳಲ್ಲ. ಯಾರೋ ಒರಗಿಂದ ತಂದು ತುಂಬವ್ರೆ. ಊರ ದನದ್ದೇ ಆಗ್ಬೇಕು ಅಂತ ಕಾಗದ್ದಲ್ಲೇ ಐತೆ. ಒರಗಿಂದಾದ್ರೆ ಲೆಕ್ಕಕ್ಕಿಲ್ಲ."

"ನಿನ್ ಒಟ್ಟೆಯೊಳಗಿನ ಅನ್ನ ಊರದಾ ಒರಗಿಂದಾ, ಅದ್ನ ಮೊದ್ಲು ಯೋಳು" ಎಂದಳು ಭದ್ರಮ್ಮ.

"ನೀನ್ ಬಾಯಿ ಮುಚ್ಚಕ್ಕ. ಏ ಪಾಪಯ್ಯ, ಕೈ ಆಕಿ ಯೋಳ್ತೀಯಲ್ಲ ದೊಡ್ದಾಗಿ, ಆಕು. ಯಾರ ಮನೇದು ಯೋಳು."

ಪಾಪಯ್ಯನ ಕಣ್ಣು ಆ ಹೊತ್ತಿಗೆ ಪೂರಾ ಹೋಗಿತ್ತು. ಕಟ್ಟೆ ತಡವಿಕೊಂಡು ಕೂತು, ಬೆಳಗಿನ ತೊಟ್ಟಿಗೆ ಮೊಣಕೈ ತನಕ ಕೈ ಇಳಿಸಿದ.

"ಇದು ಭದ್ರಮ್ಮನ ಎಮ್ಮೇದು." ಒರೆಸಿಕೊಂಡು ಮತ್ತೆ ಇಳಿಸಿದ. "ಇದು ಕೆಂದೀದು. ಆಂಜಿನಪ್ಪನ ಮನೇದು."

"ಸುಳ್ಳು! ಕೆಂದೀನ ನಮ್ ಬಾವನ ಮನೆಗೆ ಒಡೆದು ಎರಡು ವರ್ಷ ಆಯ್ತು. ಆರಾಮಾಗೈತೆ ಅಲ್ಲಿ."

"ಆರಾಮಾಗಿಲ್ಲ. ಪ್ಲಾಸ್ಟಿಕ್ ತಿಂತೈತೆ" ಎಂದು ಪಾಪಯ್ಯ ಬೆರಳಿಗೆ ಸುತ್ತಿಕೊಂಡ ನೀಲಿ ಎಳೆಯೊಂದನ್ನು ಮೇಲೆತ್ತಿದ.

ಆಗ ಮರೆವ್ವ ಮುಂದೆ ಬಂದಳು. ಅಷ್ಟು ಜನರ ನಡುವೆ ಅವಳು ಮಾತಾಡಿದ್ದು ಅದೇ ಮೊದಲು.

"ಕೆಂದಿ ಗೋಡೆ ಇಂದೆ ಕಸದ ತಗ್ಗಲ್ಲೈತೆ. ಎಡಗೊಂಬು ಮುರ್ದೈತೆ. ಅದ್ರ ಜೊತೇಲಿರೋವೂ ಊರ ದನಗಳೇ, ನೀವು ಬಿಟ್ಟೋದವು. ಒತ್ತು ತಂದೋಳು ನಾನು."

ಆಂಜಿನಪ್ಪನ ಮುಖ ಇಳಿಯಿತು. ಸ್ಕೂಟರಿನ ಜನ ನೆಲ ನೋಡಿದರು.

ಪಾಪಯ್ಯ ಮಾತ್ರ ಅವಳ ಕಡೆ ಕಿವಿ ತಿರುಗಿಸಿದ. "ದಿನಾ ಎಷ್ಟು ಬುಟ್ಟಿ ಮರೆವ್ವ?"

"ಎರಡು."

"ಎರಡೇನಾ?"

"ನಮ್ಮಪ್ಪನಾಣೆ, ಎರಡೇ."

"ಅಂಗಾದ್ರೆ ಇದು?"

ಅವನ ಹೆಬ್ಬೆರಳು ತೋರುಬೆರಳಿನ ನಡುವೆ ಗೇಣುದ್ದದ ನಾರು ನೇತಾಡುತ್ತಿತ್ತು. ಹುಳ ಸಾಕಿದ ಮನೆಯವರೇ ಎಲ್ಲರೂ. ಅದು ಏನು ಎಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಯಾರೋ ಕೆಮ್ಮಿದರು. ಗೋಡೆಯ ಆಚೆ ಸೈರನ್ನು ಕೂಗಿ ನಿಂತಿತು. ಆಂಜಿನಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು, "ಇರ್ಲಿ ಬಿಡಿ, ಇದ್ದಂಗೆ ಇರ್ಲಿ" ಎಂದು ಹೊರಟುಹೋದ. ಪ್ಲಾಂಟನ್ನು ಮಾರುವ ಮಾತು ಮತ್ತೆ ಯಾರೂ ಎತ್ತಲಿಲ್ಲ. ಒಂದು ವಾರಕ್ಕೆ ಆಂಜಿನಪ್ಪ ಕೆಂದಿಯನ್ನು ಹಗ್ಗ ಹಾಕಿ ಮನೆಗೆ ಕರೆತಂದ. ತೊಟ್ಟಿಯ ಹತ್ತಿರಕ್ಕೆ ತಾನು ಬಾರದೆ, ಸಗಣಿಯನ್ನು ಹೆಂಡತಿಯ ಕೈಲಿ ಕಳಿಸುತ್ತಿದ್ದ.

ಅಂದಿನಿಂದ ಪಾಪಯ್ಯ ಬೆಳಿಗ್ಗೆ ಒಂದು ಹೆಸರನ್ನು ಎರಡು ಸಲ ಕೂಗತೊಡಗಿದ. ಮರೆವ್ವ ಸುರಿದಾಗ ಒಂದು ಸಲ, "ಈರಪ್ಪನ ಮನೇದೂ..." ಅವಳು ಹಿಂದೆ ಸರಿದ ಮೇಲೆ, ಖಾಲಿ ಕಟ್ಟೆಯ ಕಡೆ ಮುಖ ಮಾಡಿ ಇನ್ನೊಂದು ಸಲ, ಬರೀ "ಈರಪ್ಪಾ..." ಎಂದು. ಕೂಗಿದ ಕೂಡಲೇ ತೊಟ್ಟಿ ಎರಡು ಬೆರಳು ಏರಿ ನಿಲ್ಲುತ್ತಿತ್ತು. ಕೂಗುವುದು ತಡವಾದರೆ ಕಟ್ಟೆಯ ಮೇಲಿನ ದುಂಡನೆ ಒದ್ದೆ ಗುರುತು ಆರದೆ ಹಾಗೇ ಕಾಯುತ್ತಿತ್ತು. ಇದನ್ನು ಅವರಿಬ್ಬರೂ ಯಾರಿಗೂ ಹೇಳಲಿಲ್ಲ. ಒಬ್ಬರಿಗೊಬ್ಬರೂ ಹೇಳಿಕೊಳ್ಳಲಿಲ್ಲ. ಮರೆವ್ವನಿಗೆ ಭಯವಿತ್ತು, ಆದರೂ ಎರಡನೇ ಕೂಗು ಮುಗಿಯುವ ತನಕ ನಿಂತಿದ್ದೇ ಹೋಗುತ್ತಿದ್ದಳು.

ಆಷಾಢದ ಗಾಳಿಗೆ ಪಾಪಯ್ಯನಿಗೆ ಕೆಮ್ಮು ಹಿಡಿಯಿತು. ಕಲ್ಲಿದ್ದಲ ಧೂಳು ಕುಡಿದ ಎದೆ. ಜಿಗಣಿಯ ಡಾಕ್ಟರು ಕೊಟ್ಟ ಮಾತ್ರೆಗೆ ಬಗ್ಗಲಿಲ್ಲ. ಇಂಜಿನ್ ಕೋಣೆಯ ಚಾಪೆಯಿಂದ ಅವನು ಏಳದಾದ. ಮರೆವ್ವ ಗಂಜಿ ತಂದು ಕುಡಿಸುತ್ತಿದ್ದಳು. ಕಲಸುವುದು, ಬಿಡುವುದು, ಇಂಜಿನ್ನು ಹಚ್ಚುವುದು, ಎಲ್ಲ ಅವನು ಮಲಗಿದಲ್ಲಿಂದಲೇ ಹೇಳಿಕೊಟ್ಟ. ಅವಳು ಒಂದೊಂದನ್ನೂ ಎರಡೆರಡು ಸಲ ಕೇಳಿ ಕಲಿತಳು. ಹೆಸರುಗಳನ್ನೂ ಕೂಗಿದಳು, ನಲವತ್ತೊಂದನ್ನು. ನಲವತ್ತೆರಡನೆಯದು ಬಂದಾಗ ಮೂಲೆಮನೇದು ಎಂದು ಮೆಲ್ಲಗೆ ಅಂದು ಸುರಿದಳು.

ಮೂರು ದಿನ ಹೀಗಾಯಿತು. ಮೂರು ದಿನವೂ ತೊಟ್ಟಿ ಏರಲಿಲ್ಲ. ಕಟ್ಟೆಯ ಮೇಲಿನ ಗುರುತು ಮಾತ್ರ ದಿನದಿಂದ ದಿನಕ್ಕೆ ಒದ್ದೆಯಾಗುತ್ತಾ, ಮೂರನೇ ದಿನ ಅದರಿಂದ ನೀರು ಇಳಿದು ನೆಲಕ್ಕೆ ತೊಟ್ಟಿಕ್ಕತೊಡಗಿತು.

ಆ ದಿನ ಸಂಜೆ ಇಂಜಿನ್ನು ಹಚ್ಚಿ, ಅವಳು ಗಂಜಿಯ ಲೋಟ ಹಿಡಿದು ಚಾಪೆಯ ಪಕ್ಕ ಕೂತಳು. ಬೀದಿಯುದ್ದಕ್ಕೂ ಬೀಗದ ಮನೆಗಳ ಬಾಗಿಲ ಸಂದಿಯಲ್ಲಿ ಬೆಳಕು ಮೂಡಿತು. ಪಾಪಯ್ಯ ಗಂಜಿ ಬೇಡವೆಂದ. ಕುರುಡು ಕಣ್ಣುಗಳು ಅವಳ ಹೆಗಲಿನಾಚೆ ಬಾಗಿಲಿನ ಕಡೆ ನೆಟ್ಟಿದ್ದವು.

"ಮೂರು ದಿನದಿಂದ ಯಾರೂ ಕರೀಲಿಲ್ಲ ಅವ್ನನ್ನ" ಎಂದ.

ಮರೆವ್ವ ಹಿಂದಕ್ಕೆ ತಿರುಗಲಿಲ್ಲ. ಹಸಿ ಸಗಣಿಯ ವಾಸನೆ, ಅದರ ಜೊತೆ ಹುಳು ಮೇಯ್ದ ಹಿಪ್ಪುನೇರಳೆ ಸೊಪ್ಪಿನ ವಾಸನೆ ಕೋಣೆಯೊಳಗೆ ಬಂತು. ನೆಲದ ಮೇಲೆ ತೊಟ್ಟು ಬಿದ್ದ ಸದ್ದು ಒಂದು ಸಲ ಕೇಳಿಸಿತು.

"ನಿನ್ನಿಂದ ಆಗಲ್ಲ ಅಂತ ಗೊತ್ತು. ಕರೆದ್ರೆ ಆಯುಸ್ಸು ಕಮ್ಮಿಯಾಯ್ತದೆ ಅಂತ ಇಷ್ಟು ವರ್ಷ ಕಾಪಾಡ್ದೆ. ಈಗ ಕಮ್ಮಿಯಾಗಕ್ಕೆ ಏನೈತವ್ವ ಅವ್ನತ್ರ?" ಕೆಮ್ಮುತ್ತಲೇ ಅವಳ ಕೈ ಹುಡುಕಿ ಹಿಡಿದುಕೊಂಡ. "ನಾಳೆ ನಾನಿರಲ್ಲ. ಬುಟ್ಟಿ ಒತ್ಕೊಂಡೇ ನಿಂತವ್ನೆ, ಇಳ್ಸಕ್ಕೆ ಆಗ್ತಿಲ್ಲ. ಎಸ್ರು ಕೂಗ್ತೀಯಾ ಮರೆವ್ವ?"